ಬೇಳೆ ಕರಗುವ ನೀರು

ನೀರು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಮ್ಮ ಕಡೆಯ ಹೆಂಗಸರು ಅದನ್ನು ಕುಡಿದು ನೋಡುವುದಿಲ್ಲ. ಅದರಲ್ಲಿ ತೊಗರಿಬೇಳೆ ಬೇಯಲಿಕ್ಕಿಡುತ್ತಾರೆ. ಯಾರದೋ ಹೊಲದಲ್ಲಿ ಬೋರಿಗೆ ನೀರು ಬಿತ್ತೆಂದು ಸುದ್ದಿ ಬಂದರೆ "ಎಷ್ಟ ಇಂಚ ಬಿತ್ತು?" ಎಂದು ಕೇಳುವವರು ಗಂಡಸರು, "ಬ್ಯಾಳಿ ಬೇಯ್ತದೇನು?" ಎಂದು ಕೇಳುವವರು ಹೆಂಗಸರು. ಬೆಂದರೆ ಅದು ಮೀಠಾ ನೀರು. ಬೇಳೆ ಕಾಳು ಕಾಳಾಗಿ ಉಳಿದರೆ ಆ ನೀರು ದನಕ್ಕೆ, ಅಂಗಳಕ್ಕೆ.

ಮುಡಬಿಯ ಹತ್ತಿರ ದೊಡ್ಡವ್ವನ ಹೊಲದಲ್ಲಿ ಬೋರು ಕೊರೆಸಿದ ವರ್ಷ ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ದೊಡ್ಡವ್ವ ನನ್ನ ತಾಯಿಯ ಅಕ್ಕ. ನೀರು ಬಿದ್ದ ಮರುದಿನ ಫೋನು ಮಾಡಿದಳು. ಎಷ್ಟು ಆಳಕ್ಕೆ ಬಿತ್ತು, ಎಷ್ಟು ಬಿತ್ತು ಎಂಬುದನ್ನು ಹೇಳಲೇ ಇಲ್ಲ.

"ಕುಕ್ಕರಿನ ಒಂದ ಸೀಟಿಗಿ ಬ್ಯಾಳಿ ಬೆಣ್ಣಿ ಆಯ್ತು ನೋಡವ್ವ. ಕಡಗೋಲ ಹಚ್ಚೂದೇ ಬ್ಯಾಡ," ಎಂದಳು. ಅವಳ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಹೊಲ ಅವಳದು. ಮದುವೆಯಲ್ಲಿ ಅವಳ ಅಪ್ಪ ಅರಿಶಿಣ ಕುಂಕುಮಕ್ಕೆಂದು ಕೊಟ್ಟದ್ದು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ, ತವರಿಗೆ ಬಂದಳು. ಕುಂಕುಮ ಇಡುವುದು ನಿಂತ ಮೇಲೂ ಊರಿನವರು ಆ ತುಂಡು ನೆಲವನ್ನು ಕುಂಕುಮದ ಹೊಲ ಎಂದೇ ಕರೆಯುತ್ತ ಬಂದರು. ಅವಳಿರುವುದು ತಮ್ಮನ ಮನೆಯಲ್ಲಿ. ಆ ತಮ್ಮ, ಎಂದರೆ ನನ್ನ ಮಾಮಾ, ಒಳ್ಳೆಯವನು. ಅಕ್ಕನಿಗೆ ಒಂದು ಮಾತು ಎತ್ತಿ ಆಡಿದವನಲ್ಲ. ಆದರೆ ತಮ್ಮನ ಮನೆಯಲ್ಲಿ ಕೈ ಬೀಸಿಕೊಂಡು ಬಂದು ಉಣ್ಣಲು ಕೂಡುವುದು ಬೇರೆ, ಸಂಜೆ ತನ್ನ ಹೊಲದ ಕಾಯಿಪಲ್ಲೆಯ ಬುಟ್ಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕಾಲು ತೊಳೆದು ಉಣ್ಣಲು ಕೂಡುವುದು ಬೇರೆ. ದೊಡ್ಡವ್ವ ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಅವಳು ಬುಟ್ಟಿ ಇಡುವುದನ್ನು ನೋಡಿದ್ದೇನೆ, ಅದರಿಂದ ಗೊತ್ತು.

ಬೋರು ಬರುವ ಮುಂಚೆ ಆ ಹೊಲ ಮಳೆ ನಂಬಿದ್ದು. ಕರಿಮಣ್ಣು. ಜೋಳ, ಕುಸುಬೆ, ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ. ಆಗ ವರ್ಷದಲ್ಲಿ ಕೆಲವು ದಿನ ಮಾತ್ರ ಅವಳ ಬುಟ್ಟಿ ತುಂಬುತ್ತಿತ್ತು. ನೀರು ಬಂದ ಮೇಲೆ ಅವಳು ಹೊಲವನ್ನೆಲ್ಲ ಮಡಿಗಳಾಗಿ ಒಡೆದಳು. ಮೆಂತ್ಯೆ, ಕೊತ್ತಂಬರಿ, ಪುಂಡಿ, ಬದನೆ, ಉಳ್ಳಾಗಡ್ಡಿ. ಮನೆಗೆ ಇಟ್ಟು ಉಳಿದದ್ದನ್ನು ಆಟೋದಲ್ಲಿ ಸಂತೆಗೆ ಕಳಿಸುವಷ್ಟು ಬೆಳೆಯಿತು. ಹೊಲದ ತುದಿಯ ಪೈಪಿಗೆ ಓಣಿಯ ಹೆಂಗಸರು ಕೊಡ ಹಿಡಿದು ಬರತೊಡಗಿದರು. ಅಡುಗೆಗೆ ಆ ನೀರೇ ಬೇಕು. ಸಾಬೂನು ನೊರೆ ಚೆನ್ನಾಗಿ ಬರುತ್ತದೆ, ಕೂದಲು ರೇಷ್ಮೆಯಾಗುತ್ತದೆ ಎಂದು ತಲೆಸ್ನಾನಕ್ಕೂ ಒಯ್ದರು.

ಓದು ಮುಗಿದು ನನಗೆ ಹುಮನಾಬಾದಿನಲ್ಲಿ ಕೆಲಸ ಸಿಕ್ಕಿತು. ಮಣ್ಣು, ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಪ್ರಯೋಗಾಲಯ. ಮಾಣಿಕನಗರದ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಅಲ್ಲಿಯ ನಳದ ನೀರಿಗೆ ಬೇಳೆ ಬೇಯುತ್ತಿರಲಿಲ್ಲ. ಊರಿಗೆ ಹೋಗಿ ಬರುವಾಗ ದೊಡ್ಡವ್ವ ಒಂದು ಕ್ಯಾನು ನೀರು ತುಂಬಿ ಕೊಡುತ್ತಿದ್ದಳು. ಮನೆಯ ಮಾಲಕರ ಹೆಂಡತಿಯೂ "ನಿಮ್ಮ ದೊಡ್ಡವ್ವರ ನೀರ ಜರಾ ಕೊಡ್ರಿ" ಎಂದು ತಂಬಿಗೆ ಹಿಡಿದು ಬರುತ್ತಿದ್ದರು. ಹೀಗೆ ನಾನೂ ಆ ನೀರನ್ನು ಉಂಡವಳೇ.

ಹೋದ ವರ್ಷದ ಚಳಿಗಾಲದಲ್ಲಿ ಒಂದು ರವಿವಾರ ಹೋದಾಗ ದೊಡ್ಡವ್ವ ನನ್ನನ್ನು ನೇರ ಹೊಲಕ್ಕೆ ಕರೆದುಕೊಂಡು ಹೋದಳು. ಹೊಲದ ತಗ್ಗಿನ ಕಡೆಯ ಮಡಿಗಳಲ್ಲಿ ನೀರು ನಿಂತಿತ್ತು.

"ಯಾವಾಗ ಬಿಟ್ಟಿದ್ದಿ?"

"ಮೊನ್ನಿ. ಇಳಿಯೂದೇ ಇಲ್ಲ ನೋಡು. ಹಾಳಾದ್ದು ದನದ ಡೋಣಿಯೊಳಗಿನ ನೀರ ನಿಂತಂಗ ನಿಂತದ."

ನೀರು ಆರಿದ ಮಡಿಗಳಲ್ಲಿ ಮಣ್ಣು ಹೆಪ್ಪುಗಟ್ಟಿತ್ತು. ಮೇಲೆ ಅಲ್ಲಲ್ಲಿ ಬೂದು ಬಣ್ಣದ ಪುಡಿ. ಕೆಲವು ಕಡೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು. ಉಳ್ಳಾಗಡ್ಡಿಯ ತುದಿ ಸುಟ್ಟಿತ್ತು. ಮೆಂತ್ಯೆ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಹುಟ್ಟಿರಲಿಲ್ಲ. ಬೆರಳಿನಿಂದ ಹೆಪ್ಪು ಎತ್ತಿ ನೋಡಿದೆ. ಕೆಳಗೆ ಬಿಳಿ ಮೊಳಕೆಗಳು ಮೇಲೆ ಬರಲಾರದೆ ಮಡಚಿಕೊಂಡಿದ್ದವು.

"ಯಾರದೋ ಕಣ್ಣ ಬಿದ್ದದ ಅಂತ ಓಣ್ಯಾಗ ಅಂತಾರ," ಎಂದಳು. "ನೀ ಓದಿದಾಕಿ. ನಿಮ್ಮ ಆಫೀಸನ್ಯಾಗ ಇದಕ್ಕೇನಾರ ಇಲಾಜ್ ಅದ ಏನು?"

ನೋಡಿದ ಕೂಡಲೆ ನನಗೆ ಅನುಮಾನ ಬಂದಿತ್ತು. ಆದರೂ ಅನುಮಾನವನ್ನು ಹೇಳುವುದು ನನ್ನ ಸ್ವಭಾವವಲ್ಲ. ಒಂದು ಬಾಟಲಿಯಲ್ಲಿ ಬೋರಿನ ನೀರು, ಒಂದು ಚೀಲದಲ್ಲಿ ಮಣ್ಣು ತುಂಬಿಕೊಂಡೆ. ದೊಡ್ಡವ್ವ ತಾನೇ ಬಾಟಲಿಯನ್ನು ಎರಡು ಸಲ ತೊಳೆದು, ಸೀರೆಯ ಸೆರಗಿನಿಂದ ಹೊರಗೆ ಒರೆಸಿ ಕೊಟ್ಟಳು. ಅಷ್ಟರಲ್ಲಿ ಬಂದ ಮಾಮಾ ನೋಡಿ ನಕ್ಕ.

"ಅಕ್ಕನ ನೀರು ಆಫೀಸಿಗಿ ಹೊಂಟದ. ಮುಂದಿನ ಸಲ ಪಗಾರ ತರ್ತದ ನೋಡು."

"ತಂದ್ರ ನಿನಗ ಕೊಡೂದಿಲ್ಲ," ಎಂದಳು ದೊಡ್ಡವ್ವ.

ಸೋಮವಾರ ಆ ನೀರಿಗೆ ಒಂದು ಹನಿ ಸೂಚಕ ಹಾಕಿದ ಕೂಡಲೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಹಾಗೆ ತಿರುಗಬಾರದಿತ್ತು, ತಿರುಗಿದರೆ ಕ್ಷಾರ ಹೆಚ್ಚೆಂದು ಅರ್ಥ. ಉಳಿದ ಪರೀಕ್ಷೆಗಳನ್ನು ಮಾಡಿದೆ, ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದೆ. ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಸೋಡಾದ ಅಂಶ ಬಹಳ. ಬೇಳೆಯನ್ನು ಒಂದೇ ಸೀಟಿಗೆ ಬೆಣ್ಣೆ ಮಾಡುತ್ತಿದ್ದದ್ದು, ಸಾಬೂನಿಗೆ ನೊರೆ ತರುತ್ತಿದ್ದದ್ದು ಇದೇ. ಸುಣ್ಣ ಇಲ್ಲದ್ದರಿಂದ ನೀರು ಮೆದು, ಸೋಡಾ ಇದ್ದದ್ದರಿಂದ ಬೇಳೆ ಕರಗುತ್ತದೆ. ಅದೇ ನೀರು ಮಣ್ಣಿಗೆ ಹೋದಾಗ ಅದರ ಸೋಡಾ ಮಣ್ಣಿನಲ್ಲಿದ್ದ ಸುಣ್ಣವನ್ನು ಕಿತ್ತು ಆ ಜಾಗದಲ್ಲಿ ತಾನು ಕೂತುಕೊಳ್ಳುತ್ತದೆ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದು ಆ ಸುಣ್ಣದಿಂದ. ಅದು ಹೋದರೆ ಹರಳು ಹರಳಾಗಿದ್ದ ಮಣ್ಣು ಹಿಟ್ಟಾಗುತ್ತದೆ. ಹಿಟ್ಟು ನಡುವಿನ ಸಂದುಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಅಡುಗೆಮನೆಗೆ ಅದರಷ್ಟು ಒಳ್ಳೆಯ ನೀರಿಲ್ಲ, ಕರಿಮಣ್ಣಿಗೆ ಅದರಷ್ಟು ಕೆಟ್ಟದ್ದೂ ಇಲ್ಲ.

ಮುಂದಿನ ರವಿವಾರವೇ ಹೋದೆ. ಬಾಯಿಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟವೆಂದು ಪ್ರಯೋಗಾಲಯದಿಂದ ಶುದ್ಧ ನೀರು ಒಯ್ದಿದ್ದೆ. ಪೈಪಿನ ಹತ್ತಿರ ಕೊಡ ತುಂಬಲು ಬಂದ ಮೂರು ನಾಲ್ಕು ಹೆಂಗಸರಿದ್ದರು. ದೊಡ್ಡವ್ವನೂ ಅಲ್ಲೇ ಕೂತಿದ್ದಳು. ಎರಡು ಗಾಜಿನ ಲೋಟಗಳಲ್ಲಿ ಶುದ್ಧ ನೀರು ಹಾಕಿ, ಒಂದರಲ್ಲಿ ಬೋರಿನ ನೀರು ಎಂದೂ ತಾಗದ ಬದುವಿನ ಮಣ್ಣಿನ ಹೆಂಟೆ, ಇನ್ನೊಂದರಲ್ಲಿ ಮಡಿಯ ಹೆಂಟೆ ಬಿಟ್ಟೆ. ಬದುವಿನ ಹೆಂಟೆ ಒಡೆದು ಹರಳು ಹರಳಾಗಿ ತಳಕ್ಕೆ ಕೂತಿತು, ನೀರು ತಿಳಿಯಾಗಿಯೇ ಉಳಿಯಿತು. ಮಡಿಯ ಹೆಂಟೆಯ ಸುತ್ತ ಮೊದಲು ಹೊಗೆಯಂತೆ ಒಂದು ಮಬ್ಬು ಎದ್ದಿತು. ನೋಡುತ್ತ ನೋಡುತ್ತ ಲೋಟದ ನೀರೆಲ್ಲ ಚಹದ ಹಾಗಾಯಿತು. ಪಾಠದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಬಂದಿತ್ತು. ನಾನು ತಲೆ ಎತ್ತಿದೆ.

ಕಳೆ ತೆಗೆಯಲು ದೊಡ್ಡವ್ವನ ಹೊಲಕ್ಕೆ ಬರುವ ಒಬ್ಬಾಕೆ ಲೋಟದ ಹತ್ತಿರ ಬಗ್ಗಿ ನೋಡಿ ಗಲ್ಲದ ಮೇಲೆ ಕೈಯಿಟ್ಟಳು.

"ಅಯ್ಯ, ನೋಡ್ರೆ ಇಲ್ಲಿ! ಹೊಲದ ಮಣ್ಣ ಹ್ಯಾಂಗ ಬೆಂದ ಹೋಯ್ತು!"

"ಬದುವಿಂದು ಇನ್ನಾ ಕಾಳ ಕಾಳಾಗೇ ಕುಂತದ," ಎಂದಳು ಇನ್ನೊಬ್ಬಳು.

"ಕುಂದ್ರದೆ ಏನ ಮಾಡ್ತದ? ಹೊಲ ಇಷ್ಟ ವರ್ಷ ಈ ನೀರ ಕುಡದದ, ಮೆತ್ತಗಾಗ್ಯಾದ. ಬದುವಿಗಿ ಎಲ್ಲಿ ಸಿಗಬೇಕು ಇಂಥಾ ನೀರು?"

ನಾನು ಹಾಗಲ್ಲ ಎಂದೆ. ಮಣ್ಣು ಕರಗಬಾರದು, ಹರಳಾಗಿಯೇ ಉಳಿಯಬೇಕು, ಕೆಟ್ಟದ್ದು ಈ ಲೋಟ, ನೀರಿನ ಸೋಡಾ ಮಾಡಿದ್ದು ಇದು ಎಂದೆ.

"ಬ್ಯಾಳಿ ಕರಗಬೇಕು, ಮಣ್ಣ ಕರಗಬಾರದು. ಒಂದ ನೀರಿಗಿ ಎರಡ ಕಾಯ್ದೆ ಏನವ್ವ ನಿಂದು?" ಎಂದು ಮೊದಲಿನವಳು ಕೇಳಿದಾಗ ಎಲ್ಲರೂ ನಕ್ಕರು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಹೌದು, ಒಂದೇ ನೀರಿಗೆ ಎರಡು ಕಾಯಿದೆ. ಅದನ್ನು ಅಷ್ಟು ಚಿಕ್ಕದಾಗಿ ಹೇಳುವುದು ನನಗೆ ಆಗಿರಲಿಲ್ಲ. ಆದರೆ ಅವಳು ಅದನ್ನು ನನ್ನ ತಪ್ಪೆಂದು ಹೇಳಿದ್ದಳು, ನೀರಿನದೆಂದು ಅಲ್ಲ.

ವಯಸ್ಸಾದ ಒಬ್ಬಾಕೆ ಮಾತ್ರ ನಗಲಿಲ್ಲ. ಸಿಂಬೆ ಸರಿಮಾಡಿಕೊಂಡು, ಕೊಡ ಎತ್ತಿಕೊಳ್ಳುತ್ತ ಹೇಳಿದಳು.

"ಗಂಗವ್ವಗ ಹೆಸರ ಇಡಬ್ಯಾಡ ತಾಯಿ. ಹೆಸರಿಟ್ರ ಒಳಗ ಸರೀತಾಳ."

ನಮ್ಮಲ್ಲಿ ಹೆಸರಿಡುವುದೆಂದರೆ ತಪ್ಪು ಎತ್ತಿ ಆಡುವುದು. ಸೊಸೆಗೆ ಹೆಸರಿಡುತ್ತಾರೆ, ಅಡುಗೆಗೆ ಹೆಸರಿಡುತ್ತಾರೆ. ನೀರಿಗೆ ಮಾತ್ರ ಯಾರೂ ಇಡುವುದಿಲ್ಲ, ಅದರ ಕಿವಿಗೆ ಬಿದ್ದರೆ ಬತ್ತಿ ಹೋಗುತ್ತದೆಂಬ ಅಂಜಿಕೆ. ನನಗೆ ಪಗಾರ ಬರುವುದು ದಿನಕ್ಕಿಷ್ಟು ನೀರಿಗೆ ಹೆಸರಿಡುವುದಕ್ಕೆ. ಲೋಟಗಳನ್ನು ಚೆಲ್ಲಿ ತೊಳೆದೆ. ತೊಳೆದದ್ದೂ ಅದೇ ನೀರಿನಲ್ಲಿ.

ದೊಡ್ಡವ್ವ ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು.

"ಸೋಡಾ ಅಂದ್ಯಲ್ಲ. ಕಡ್ಲಿ ಬೇಯಾಕ ಹಾಕ್ತೀವಿ, ಅದೇ ಸೋಡಾ ಏನು?"

"ಅದೇ ಜಾತಿದು."

"ಚಿಟಿಗಿ ಹಾಕಿದ್ರ ಸಾಕಾಗ್ತದ. ಮುಷ್ಟಿ ಹಾಕಿದ್ರ ಕಡ್ಲಿ ಗಂಜಿ ಆಗ್ತದ."

"ಹೂಂ."

"ನಾ ನೀರಿನ ಪಾಳಿ ಪಾಳಿಗಿ ಮುಷ್ಟಿ ಹಾಕೀನಿ," ಎಂದಳು.

ಅವಳಿಗೆ ತಿಳಿಯಿತೆಂದು ನನಗೆ ಸಮಾಧಾನವಾಗಬೇಕಿತ್ತು. ತಿಳಿಯದೆ ಇದ್ದರೇ ಚೆನ್ನಾಗಿತ್ತೇನೋ ಅನಿಸಿತು.

ಅಂದು ಊಟದ ನಂತರ ಮಾಮಾನ ಮುಂದೆ ಇಲಾಜುಗಳನ್ನು ಹೇಳಿದೆ. ಜಿಪ್ಸಂ ಹಾಕಿ ಮಳೆನೀರಿನಲ್ಲಿ ತೊಳೆಯಲು ಬಿಡಬೇಕು. ಸೆಣಬು ಬಿತ್ತಿ ಹಸಿ ಇರುವಾಗಲೇ ಮಣ್ಣಿಗೆ ಸೇರಿಸಬೇಕು. ಸಗಣಿ ಗೊಬ್ಬರ ಹೆಚ್ಚು ಕೊಡಬೇಕು. ಕೊನೆಯದನ್ನು ತಡೆದು ಹೇಳಿದೆ. ಆ ನೀರನ್ನು ಹೊಲಕ್ಕೆ ಆದಷ್ಟು ಬಿಡಬಾರದು.

"ಜಿಪ್ಸಂ ಅಂದ್ರ ಛತ್ತಿಗಿ ಹಚ್ತಾರಲ್ಲ, ಅದಾ? ಏ ಶಾಣ್ಯಾಕಿ, ಹೊಲಕ್ಕ ಸೀಲಿಂಗ್ ಹೊಡಸ್ತಿ ಏನು?" ಎಂದ ಮಾಮಾ. ಹಾಗೆಂದವನೇ ಬೇಸಿಗೆ ಮುಗಿಯುವುದರೊಳಗೆ ಟ್ರ್ಯಾಕ್ಟರಿನಲ್ಲಿ ಚೀಲಗಳನ್ನು ತಂದು ಹಾಕಿಸಿದ. ನಾನು, ದೊಡ್ಡವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೆಲ್ಲಿದೆವು. ಇಬ್ಬರ ಹುಬ್ಬುಗಳೂ ಬಿಳಿಯಾದವು. ಮಾಮಾ ನೋಡಿ ಇಬ್ಬರೂ ಒಂದೇ ವಯಸ್ಸಿನವರಾದಿರಿ ಎಂದ.

ಮಳೆ ಚೆನ್ನಾಗಿಯೇ ಆಯಿತು. ಮಳೆಗಾಲದಲ್ಲಿ ಹೊಲಕ್ಕೆ ಉಸಿರು ಬಂದಿತು ಎನ್ನಬೇಕು. ಮೇಲಿನ ಮಡಿಗಳಲ್ಲಿ ಮೆಂತ್ಯೆ ಒಂದೇ ಸಮ ಹುಟ್ಟಿತು. ನಾನು ಹೋದಾಗಲೆಲ್ಲ ದೊಡ್ಡವ್ವ ಮಣ್ಣನ್ನು ಕೈಯಲ್ಲಿ ಹಿಡಿದು ಉದುರಿಸಿ ತೋರಿಸುತ್ತಿದ್ದಳು. ನಾನು ಒಳ್ಳೆಯದಾಗಿದೆ ಎಂದೆ. ನಿಜವಾಗಿಯೂ ಆಗಿತ್ತು. ಆದರೆ ಮಳೆ ನಿಂತ ಮೇಲೆ ಕಾಯಿಪಲ್ಲೆಗೆ ನೀರು ಬೇಕು. ನೀರು ಇರುವುದು ಒಂದೇ. ಜಿಪ್ಸಂ ಹಾಕಿದ್ದು ಒಂದು ಸಲ, ಆ ನೀರು ಹೋಗುವುದು ಪ್ರತಿ ಪಾಳಿಗೂ. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು.

ಬೇರೆ ದಾರಿಗಳನ್ನೂ ನೋಡಿದೆವು. ಇನ್ನೊಂದು ಬೋರು ಕೊರೆದರೆ ಹೇಗೆ ಎಂದ ಮಾಮಾ. ಅದೇ ಕಲ್ಲು, ಅದೇ ನೆಲ, ನೀರು ಬೇರೆ ಬರುತ್ತದೆಂದು ನಾನು ಹೇಳಲಾರದೆ ಹೋದೆ. ಘಾಟಬೋರಾಳದ ಕಡೆಯ ಒಬ್ಬರು ಹೊಂಡ ತೋಡಿ ಮಳೆನೀರು ನಿಲ್ಲಿಸಿ, ಬೋರಿನ ನೀರಿಗೆ ಬೆರೆಸಿ ಬಿಡುವುದನ್ನು ನಾನು ನೋಡಿ ಬಂದಿದ್ದೆ. ಅದನ್ನು ಹೇಳಿದೆ. ಅವರದು ದೊಡ್ಡ ಹೊಲ. ದೊಡ್ಡವ್ವನ ಹೊಲದಲ್ಲಿ ಅಂಥ ಹೊಂಡ ತೋಡಿದರೆ ಉಳಿಯುವುದು ಎಷ್ಟು?

"ಹೊಲ ಉಳಸಾಕ ಹೊಲಾನೇ ಅಗಿಯೂದಾ?" ಎಂದಳು ಅವಳು.

ಹಾಗಾದರೆ ಬೋರು ಬಂದ್ ಮಾಡಿ, ಮೊದಲಿನಂತೆ ಮಳೆಯ ಜೋಳಕ್ಕೆ ಹೋಗಬಹುದಿತ್ತು. ತಗ್ಗಿನ ತುದಿಯ ಕೆಲವು ಮಡಿಗಳಲ್ಲಿ ಅದನ್ನೂ ಮಾಡಿದೆವು. ಹಿಂಗಾರಿಗೆ ಜೋಳ ಬಿತ್ತಿದೆವು. ಹುಟ್ಟಿದ್ದು ಅಲ್ಲೊಂದು ಇಲ್ಲೊಂದು. ಬೋರು ಬರುವ ಮುಂಚೆ ಇದ್ದ ಹೊಲಕ್ಕೆ ವಾಪಸು ಹೋಗುವ ಹಾದಿಯೂ ಹೆಪ್ಪುಗಟ್ಟಿತ್ತು.

ದೀಪಾವಳಿಯ ಹೊತ್ತಿಗೆ ದೊಡ್ಡವ್ವ ತಗ್ಗಿನ ಉಳಿದ ಮಡಿಗಳಿಗೂ ನೀರು ಬಿಡುವುದನ್ನು ನಿಲ್ಲಿಸಿದಳು. ನಾನು ಹೋದಾಗಲೆಲ್ಲ ಹಸಿರು ಒಂದೊಂದು ಸಾಲು ಮೇಲಕ್ಕೆ ಸರಿದಿರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬುಟ್ಟಿಯ ಬದಲು ಈಗ ಸೆರಗಿನಲ್ಲಿ ಹಿಡಿಯುವಷ್ಟು ಪಲ್ಲೆ. ಒಂದು ದಿನ ಮಾಮಾ ಅದನ್ನು ನೋಡಿ, ಕನಿಕರದಿಂದಲೇ ಹೇಳಿದ.

"ಬಿಟ್ಟಬಿಡಕ್ಕಾ, ಯಾಕ ಅಷ್ಟ ಪರೇಶಾನ್ ಆಗ್ತಿ? ಬೋರ ಹ್ಯಾಂಗೂ ಓಣಿಗಿ ಉಪಯೋಗ ಆಗಾಕತ್ತದ, ಅಷ್ಟ ಪುಣ್ಯ ಬಂತು. ನಾ ಇಲ್ಲೇನು? ನಿನಗೇನ ಕಮ್ಮಿ ಆಗ್ಯಾದ?"

ದೊಡ್ಡವ್ವ ಅಂದು ಒಂದೇ ರೊಟ್ಟಿ ಉಂಡು ಎದ್ದಳು. ಮಾಮಾ ಹಸಿವಿಲ್ಲೇನು ಎಂದು ಕೇಳಿದ. ಅವನಿಗೆ ತಾನು ಏನಂದೆ ಎಂದು ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಇನ್ನೂ ನಾಚಿಕೆಯಾಗುತ್ತಿತ್ತು.

ಈ ವರ್ಷ ಎಳ್ಳಮಾಸಿ ಹಬ್ಬ ಕಳೆದ ಮೇಲಿನ ರವಿವಾರ ಹೋದಾಗ ಹಸಿರು ಉಳಿದದ್ದು ಮೇಲಿನ ಕೆಲವು ಮಡಿಗಳಲ್ಲಿ ಮಾತ್ರ. ಕೊತ್ತಂಬರಿ, ಒಂದಿಷ್ಟು ಪುಂಡಿ. ಮಧ್ಯಾಹ್ನದ ಬಿಸಿಲಿಗೆ ಕೊತ್ತಂಬರಿ ತಲೆ ಬಾಗಿಸಿತ್ತು. ದೊಡ್ಡವ್ವ ಬದುವಿನ ಮೇಲೆ ಕೂತಿದ್ದಳು, ಸಲಿಕೆ ಪಕ್ಕದಲ್ಲಿ.

"ಎಂಟ ದಿನ ಆಯ್ತು, ನೀರ ಬಿಟ್ಟಿಲ್ಲ," ಎಂದಳು. "ನೀ ಬರ್ತಿ, ಕೇಳಿ ಬಿಡೋಣು ಅಂತ."

ನಾನು ಅವಳ ಪಕ್ಕದಲ್ಲಿ ಕೂತೆ.

"ಬಿಡ್ಲೋ ಬ್ಯಾಡೋ, ಹೇಳು. ಬಿಟ್ರ ನೆಲ ಹೋಗ್ತದ. ಬಿಡದಿದ್ರ ಪಲ್ಯ ಹೋಗ್ತದ. ಯಾವುದ ಮೊದಲ ಹೋಗಲಿ, ಅಷ್ಟ ಹೇಳು ಸಾಕು."

ನನಗೆ ಗೊತ್ತಿದ್ದದ್ದು ಇಷ್ಟು. ಬಿಡಬೇಡ ಎಂದರೆ ನಾಳಿದ್ದಿಗೆ ಈ ಕೊತ್ತಂಬರಿ ಒಣಗುತ್ತದೆ, ಅವಳು ಬರಿಗೈಯಲ್ಲಿ ತಮ್ಮನ ಮನೆಯ ಹೊಸ್ತಿಲು ದಾಟಬೇಕು. ಬಿಡು ಎಂದರೆ ಒಂದೋ ಎರಡೋ ವರ್ಷಕ್ಕೆ ಈ ಮಡಿಗಳೂ ತಗ್ಗಿನ ಮಡಿಗಳಂತಾಗುತ್ತವೆ, ಆಗಲೂ ಅವಳು ಬರಿಗೈಯಲ್ಲೇ ದಾಟಬೇಕು. ಪ್ರಯೋಗಾಲಯದಲ್ಲಿ ಯಾರಾದರೂ ಕೇಳಿದ್ದರೆ, ಈ ನೀರು ಈ ಮಣ್ಣಿಗೆ ತಕ್ಕದ್ದಲ್ಲ ಎಂದು ಹೇಳಿ ಮುಂದಿನ ಬಾಟಲಿ ಎತ್ತಿಕೊಳ್ಳುತ್ತಿದ್ದೆ. ಇಲ್ಲಿ ಎತ್ತಿಕೊಳ್ಳಲು ಮುಂದಿನದು ಏನೂ ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಪಂಪಿಗೆ ಮಾಮಾ ಆಟೋ ಸ್ಟಾರ್ಟರ್ ಹಾಕಿಸಿದ್ದ, ಕರೆಂಟು ಬಂದರೆ ಯಾರೂ ಒತ್ತಬೇಕಾಗಿಲ್ಲ. ಡಬ್ಬಿಯೊಳಗೆ ಟಕ್ ಎಂದು ಸದ್ದಾಯಿತು. ಪೈಪು ಎರಡು ಸಲ ಕೆಮ್ಮಿ ನೀರು ಉಗುಳಿತು. ಸ್ವಿಚ್ಚು ಹತ್ತಿರದಲ್ಲೇ ಇತ್ತು. ಬಂದ್ ಮಾಡಲು ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ. ಕಾಲುವೆಯಲ್ಲಿ ನೀರು ನಮ್ಮ ಕಾಲ ಮುಂದಿನಿಂದಲೇ ಹಾದು ಹೋಯಿತು. ಬಹಳ ತಿಳಿಯಾಗಿತ್ತು.

ಕಾಲುವೆ ತುಂಬುತ್ತ ಬಂದು ಒಡ್ಡು ಒಡೆಯುವ ಹಾಗಾದಾಗ ದೊಡ್ಡವ್ವ ಮಂಡಿಯ ಮೇಲೆ ಕೈಯೂರಿ ಎದ್ದಳು.

"ನೀ ಏನ ಹೇಳ್ತಿ, ಪಾಪ," ಎಂದಳು. ಬೈಗುಳವಾಗಿರಲಿಲ್ಲ ಅದು.

ಸಲಿಕೆ ತೆಗೆದುಕೊಂಡು ಕೊತ್ತಂಬರಿಯ ಮೊದಲ ಮಡಿಯ ಬಾಯಿ ತೆರೆದಳು. ನೀರು ಹರಡಿ ಗಿಡಗಳ ಬುಡದಲ್ಲಿ ನಿಂತಿತು. ಇಳಿಯುತ್ತದೆಯೇ ಎಂದು ಇಬ್ಬರೂ ಬಗ್ಗಿ ನೋಡಿದೆವು. ಅಂಚಿನಲ್ಲಿ ಸ್ವಲ್ಪ ಇಳಿದಂತೆ ಕಂಡಿತು, ಆಮೇಲೆ ಇಳಿಯಲಿಲ್ಲ. ಆ ಮಡಿ ತುಂಬಿತು. ಕಾಲುವೆಯಲ್ಲಿ ನೀರು ಬರುತ್ತಲೇ ಇತ್ತು. ಅವಳು ಸೊಂಟ ಹಿಡಿದುಕೊಂಡಳು. ನಾನು ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಎರಡನೆಯ ಮಡಿಯ ಬಾಯಿ ತೆರೆದೆ.